ಹಸಿವಿಲ್ಲದ ಮೀನಿಗೆ ಎಂಥ ಎರೆ

“ಗುರುಗಳೇ, ಎದುರಿಗೆ ತೂಗಿಬಿಟ್ಟ ಗಾಳವನ್ನು ಕಚ್ಚದೆ ಬಂದವನು ಗೆದ್ದ ಹಾಗೆ ಅಲ್ಲವೇ?”

ಶಂಭುಲಿಂಗ ಹೀಗೆ ಕೇಳಿದ್ದು ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ. ಮಠದ ಶಿಷ್ಯರಲ್ಲಿ ಅವನೇ ಹೆಚ್ಚು ಓದಿದವನು. ಮಾತು ಹದವಾಗಿತ್ತು, ನಡೆ ಇನ್ನೂ ಹದವಾಗಿತ್ತು. ಗುರುಗಳು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತದೆ, “ಯಾರು ತೂಗಿಬಿಟ್ಟರು, ಯಾವ ಗಾಳ, ಅದನ್ನು ಮೊದಲು ಹೇಳು” ಎಂದರು.

ಶಿಷ್ಯ ಹೇಳಿದ. ಮಠದ ಕೆಳಗಿನ ಕೆರೆಯಲ್ಲಿ ನೀರು ಇಳಿದ ಕಾಲಕ್ಕೆ ಕುಂಬಾರರು ಕೆರೆಯಂಗಳದಿಂದ ಜೇಡಿಮಣ್ಣು ಒಯ್ಯುತ್ತಾರೆ. ಅದು ಅವರ ಅಜ್ಜಂದಿರ ಕಾಲದಿಂದ ನಡೆದುಬಂದ ಹಕ್ಕು. ಆ ಮಣ್ಣು ಸಿಗದಿದ್ದರೆ ಆ ವರ್ಷ ಅವರ ಆವಿಗೆಗೆ ಬೆಂಕಿ ಇಲ್ಲ, ಮಡಕೆ ಇಲ್ಲ, ಊಟವೂ ಇಲ್ಲ. ಈ ವರ್ಷ ಕೆರೆಯ ಮೀನನ್ನು ಗುತ್ತಿಗೆ ಹಿಡಿದವನೊಬ್ಬ ಬಂದಿದ್ದ. ಮಣ್ಣು ತೆಗೆದ ಗುಂಡಿಗಳಲ್ಲಿ ತನ್ನ ಬಲೆ ಸಿಕ್ಕಿಕೊಂಡು ಹರಿಯುತ್ತದೆ ಎಂಬುದು ಅವನ ತಕರಾರು. ಆದರೆ ಮಣ್ಣು ತೆಗೆಯಬೇಡಿ ಎಂದು ನೇರವಾಗಿ ಹೇಳಿದರೆ ಊರು ಒಪ್ಪುವುದಿಲ್ಲ. ಆದ್ದರಿಂದ ಅವನು ಏರಿಯ ಮೇಲೆ ಒಬ್ಬ ಕಾವಲುಗಾರನನ್ನು ಕೂರಿಸಿದ್ದ. ಮಣ್ಣಿಗೆ ಬಂದ ಹೆಂಗಸರನ್ನು ಬಾಯಿಗೆ ಬಂದಂತೆ ಬೈಯುವುದೇ ಆ ಕಾವಲುಗಾರನ ಕೆಲಸ. ಕುಂಬಾರರು ಅಂಜಿದರು. ಮಠದವರು ಯಾರಾದರೂ ಜೊತೆಗೆ ಬಂದು ನಿಂತರೆ ಸಾಕು ಎಂದು ಬೇಡಿಕೊಂಡರು. ಶಂಭುಲಿಂಗ ಹೋದ.

ಹೋಗುವ ಮೊದಲೇ ಊರಿನ ಹಿರಿಯರು ಅವನಿಗೆ ಬುದ್ಧಿ ಹೇಳಿದ್ದರು. “ಅವನು ಬೈಯೋದು ನಿಮ್ಮನ್ನ ಕೆಣಕೋಕೆ, ಬುದ್ಧೀ. ನೀವು ಒಂದು ಮಾತಾಡಿದ್ರೂ ಸಾಕು, ಗಲಾಟೆ ಆಯ್ತು ಅಂತ ಆ ಗುತ್ತಿಗೆಯವನು ಕೆರೆ ದಾರೀನೇ ಮುಚ್ಚಿಸ್ತಾನೆ. ನಿಮ್ಮನ್ನ ಠಾಣೆಗೆ ಎಳೀತಾನೆ. ಗಾಳ ಕಚ್ಚಬ್ಯಾಡಿ” ಎಂದಿದ್ದರು.

“ನಾನು ಕಚ್ಚಲಿಲ್ಲ” ಎಂದ ಶಿಷ್ಯ. “ಇವತ್ತು ಬೆಳಿಗ್ಗೆ ಆ ಕಾವಲುಗಾರ ನಿಂಗಾಜಮ್ಮ ಎಂಬ ಮುದುಕಿಯ ಮಣ್ಣು ತುಂಬಿದ ಮಂಕರಿಯನ್ನು ಒದ್ದು ಉರುಳಿಸಿದ. ಒದ್ದವನು ಮುದುಕಿಯ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿಕೊಂಡು ಬಂದುಬಿಟ್ಟೆ. ನಾಳೆ ಬೆಳಿಗ್ಗೆಯೂ ಅವರು ಕರೆದಿದ್ದಾರೆ. ಹೋಗುವುದೇ ಬೇಡವೆಂದು ಯೋಚಿಸುತ್ತಿದ್ದೇನೆ. ಗಾಳವಿರುವ ನೀರಿಗೆ ಇಳಿಯದೆ ಇರುವುದು ಇನ್ನೂ ಮೇಲಲ್ಲವೇ?”

“ಮುದುಕಿ ಏನು ಮಾಡಿದಳು?”

“ಗೊತ್ತಿಲ್ಲ. ನಾನು ತಿರುಗಿ ನೋಡಲಿಲ್ಲ.”

ಗುರುಗಳು ಬೀಜ ಬಿಡಿಸುವುದನ್ನು ನಿಲ್ಲಿಸಿದರು.

“ನಿನಗೆ ಈಗ ಒಂದು ಶಹಬ್ಬಾಸ್ ಬೇಕು. ಬೆನ್ನು ಚಾಚಿಕೊಂಡೇ ಬಂದು ಕೂತಿದ್ದೀಯ” ಎಂದರು. “ಕೊಡೋಣ. ಅದಕ್ಕೆ ಮೊದಲು ಒಂದು ಕತೆ ಕೇಳು. ಗಾಳದ ಮಾತನ್ನು ನೀನೇ ತೆಗೆದೆ, ಆದ್ದರಿಂದ ಗಾಳದ ಕತೆಯನ್ನೇ ಕೇಳಬೇಕು. ಕಾವಿ ಉಟ್ಟವರಿಗೆ ಮೀನು ಹಿಡಿಯುವ ವಿಷಯ ಏಕೆ ಎಂದು ಮೂಗು ಮುರಿಯಬೇಡ. ಒಂದು ಕಸುಬಿನ ಮಾತನ್ನು ಬಾಯಲ್ಲಿ ಆಡಿದವನು ಆ ಕಸುಬನ್ನು ಸ್ವಲ್ಪ ತಿಳಿದಿರಬೇಕು. ಇಲ್ಲವಾದರೆ ಅಂಥ ಮಾತನ್ನು ಆಡಬಾರದು.”

ಶಿಷ್ಯ ಕಾಲು ಮಡಿಸಿ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಗಾಳಗಾರನಿದ್ದ. ಅವನು ಹೊಟ್ಟೆಪಾಡಿಗೆ ಮೀನು ಹಿಡಿಯುತ್ತಿರಲಿಲ್ಲ, ಹಠಕ್ಕೆ ಹಿಡಿಯುತ್ತಿದ್ದ. ಹೊಟ್ಟೆಗಾಗಿ ಹಿಡಿಯುವವನಿಗೆ ಬುಟ್ಟಿ ತುಂಬಿದರೆ ಮನೆಯ ನೆನಪಾಗುತ್ತದೆ. ಹಠಕ್ಕೆ ಹಿಡಿಯುವವನಿಗೆ ಮನೆಯೂ ಇಲ್ಲ, ಬುಟ್ಟಿಯೂ ಇಲ್ಲ. ತಪ್ಪಿಸಿಕೊಂಡ ಮೀನು ಒಂದೇ ಅವನ ಕಣ್ಣಿನ ಮುಂದೆ ಇರುತ್ತದೆ.

ಅವನ ಬಳಿ ಒಂದು ಪೆಟ್ಟಿಗೆ ಇತ್ತು. ಅದರ ತುಂಬ ಖಾನೆಗಳು, ಖಾನೆಗಳ ತುಂಬ ಹುಸಿ ಎರೆಗಳು. ಹೊಳೆಯುವ ತಗಡಿನ ಚಮಚೆ, ಎಳೆದರೆ ಗಿರ್ರನೆ ತಿರುಗುವ ರೆಕ್ಕೆ, ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಮರಿಮೀನು, ಮೆತ್ತಗಿನ ರಬ್ಬರಿನ ಹುಳು. ನಿಜವಾದ ಎರೆಹುಳುವನ್ನು ಅವನು ಮುಟ್ಟುತ್ತಿರಲಿಲ್ಲ. ಇರುವ ಊಟವನ್ನು ತೋರಿಸಿ ಹಿಡಿಯುವುದು ಏನು ಮಹಾ ವಿದ್ಯೆ, ಇಲ್ಲದ್ದನ್ನು ಇದೆ ಎಂದು ನಂಬಿಸಿ ಹಿಡಿಯಬೇಕು ಎನ್ನುವುದು ಅವನ ಹೆಮ್ಮೆ. ಒಂದೊಂದು ಎರೆಯೂ ಯಾವ ನೀರಿಗೆ, ಯಾವ ಬೆಳಕಿಗೆ ಎಂಬುದು ಅವನಿಗೆ ಗೊತ್ತಿತ್ತು. ತಿಳಿನೀರಿಗೆ ಬೆಳ್ಳಿಬಣ್ಣ, ಕದಡಿದ ನೀರಿಗೆ ಹಳದಿ, ಮೋಡ ಕವಿದ ದಿನ ಕಪ್ಪು. ಬಿಸಿಲೇರಿದ ಮೇಲೆ ಮೇಲ್ಮೈ ಬಿಟ್ಟು ಆಳಕ್ಕೆ ಇಳಿಸಬೇಕು. ನೀರು ತಣ್ಣಗಿದ್ದರೆ ನಿಧಾನವಾಗಿ ಎಳೆಯಬೇಕು. ಇದರಲ್ಲಿ ಯಾವುದೂ ಸುಳ್ಳಲ್ಲ. ಅವನು ನಿಜವಾಗಿ ಬಲ್ಲವನಾಗಿದ್ದ.

ಬಲ್ಲವನಿಗೆ ಒಂದು ಸಿದ್ಧಾಂತ ಇದ್ದೇ ಇರುತ್ತದೆ. ಅವನದು ಇದು: ಪ್ರತಿ ಬಾಯಿಗೂ ಒಂದು ಎರೆ ಇದೆ. ಮೀನು ಕಚ್ಚಲಿಲ್ಲವೆಂದರೆ ಅದಕ್ಕೆ ಬೇಕಾದದ್ದು ಏನೆಂದು ನಿನಗೆ ತಿಳಿದಿಲ್ಲ, ಅಷ್ಟೆ. ತಿಳಿದ ದಿನ ಅದು ನಿನ್ನದು. ಮನುಷ್ಯರ ವಿಷಯದಲ್ಲೂ ಇದು ಸುಳ್ಳಾಗದು ಎಂದು ಹೇಳಿ ನಗುತ್ತಿದ್ದ. ಕೇಳಿದವರೂ ನಗುತ್ತಿದ್ದರು. ಇಂಥ ಮಾತಿಗೆ ನಗದಿದ್ದರೆ ತಾವು ದಡ್ಡರೆಂದು ತೋರೀತು ಎಂಬ ಭಯ ಜನರಿಗೆ.

ಅವನು ಪಳಗಿದ್ದು ಹೊಳೆಯ ಮೀನಿನಲ್ಲಿ. ಹರಿಯುವ ನೀರಿನ ಮೀನು ಒಂದು ರೀತಿ, ನಿಂತ ನೀರಿನ ಮೀನು ಇನ್ನೊಂದು ರೀತಿ. ಒಂದು ದಿನ ಅವನಿಗೆ ಒಂದು ಹೊಂಡದ ಸುದ್ದಿ ಬಂತು. ಹೊಂಡದ ತುಂಬ ತಾವರೆ ಎಲೆ ಮತ್ತು ಜೊಂಡು. ಅದರಲ್ಲಿ ಒಂದು ದೊಡ್ಡ ಕೊರಮೀನು ಇದೆ, ಯಾರ ಗಾಳಕ್ಕೂ ಬಾಯಿ ಹಾಕಿಲ್ಲ ಎಂದರು. ಕೊರಮೀನನ್ನು ನೀನು ನೋಡಿರಲಾರೆ. ಹಾವಿನ ತಲೆ, ಕಪ್ಪು ಮೈ. ಆಗಾಗ ಮೇಲೆ ಬಂದು ಗಾಳಿ ಕುಡಿದು ಮತ್ತೆ ಎಲೆಯ ಅಡಿಗೆ ಹೋಗುತ್ತದೆ. ಕಪ್ಪೆಯೋ ಇಲಿಯೋ ನೀರಿಗೆ ಬಿದ್ದರೆ ಒಂದೇ ಏಟಿಗೆ ಒಳಗೆ. ಇಷ್ಟು ಹೊಟ್ಟೆಬಾಕ ಮೀನು ಗಾಳಕ್ಕೆ ಬಾಯಿ ಹಾಕುವುದಿಲ್ಲವೆಂದರೆ ಗಾಳಗಾರನಿಗೆ ಅವಮಾನವಾದಂತಾಯಿತು. ಮೀನಿಗೆ ಅವನ ಪರಿಚಯವೂ ಇರಲಿಲ್ಲ, ಆದರೂ ಅವಮಾನವಾಯಿತು.

ಅವನು ಗಾಳದ ಸಾಮಾನು ಮಾರುವ ಒಬ್ಬ ವ್ಯಾಪಾರಿಯ ಬಳಿ ಹೋದ. ಹೊಂಡದ ಕೊರಮೀನಿಗೆ ಏನು ಬೇಕು ಎಂದು ಕೇಳಿದ. ವ್ಯಾಪಾರಿ ಅವನ ಕೈಯಲ್ಲಿದ್ದ ಕೋಲನ್ನು ನೋಡಿ ತಲೆಯಾಡಿಸಿದ.

“ಈ ಉದ್ದದ ಬಳುಕೋ ಕೋಲು ಮನೇಲಿಡಿ ಸ್ವಾಮಿ, ಅದು ಹೊಳೆಗೆ. ಇಲ್ಲಿಗೆ ಗಿಡ್ಡದು ಬೇಕು, ಗಟ್ಟಿ ಬೇಕು, ತುದಿ ಮಾತ್ರ ಒಂಚೂರು ಬಾಗ್ಬೇಕು. ದಾರ ಹೆಣೆದದ್ದು ತಗೊಳ್ಳಿ, ದಪ್ಪಂದು. ಮೀನು ಎಲೆ ದಂಟಿಗೆ ಸುತ್ತಿಕೊಂಡ್ರೆ ದಂಟನ್ನೇ ಕುಯ್ಕೊಂಡು ಬರ್ಬೇಕು ಆ ದಾರ. ಎರೆ ಅಂದ್ರೆ ಈ ರಬ್ಬರ್ ಕಪ್ಪೆ. ನೋಡಿ, ಎರಡು ಗಾಳಾನೂ ಬೆನ್ನಿಗೆ ಅಂಟಿಕೊಂಡಿವೆ. ಎಲೆ ಮೇಲೆ ಎಳೆದ್ರೂ ಸಿಕ್ಕಿಕೊಳ್ಳಲ್ಲ. ಮೀನು ಬಾಯಿ ಮುಚ್ಚಿದಾಗ ಕಪ್ಪೆ ಹಿಚುಕಿ ಗಾಳ ಹೊರಗೆ ಬರ್ತದೆ. ಇನ್ನೊಂದು ಮಾತು. ನೀರು ಧಡ್ ಅಂದ ತಕ್ಷಣ ಎಳೀಬೇಡಿ, ಎಲ್ಲರೂ ಕೆಡೋದು ಅಲ್ಲೇ. ದಾರ ಬಿಗಿಯೋ ತನಕ ತಡೀರಿ, ಆಮೇಲೆ ಜಗ್ಗಿ. ಜಗ್ಗಿದ ಮೇಲೆ ಅದಕ್ಕೆ ತಲೆ ತಿರುಗಿಸೋಕೆ ಬಿಡಬೇಡಿ.”

ಅಂಗಡಿಯವರೆಲ್ಲ ಸುಳ್ಳು ಹೇಳುತ್ತಾರೆ ಎಂದು ನೀನು ತಿಳಿದಿದ್ದರೆ ಆ ನಂಬಿಕೆಯನ್ನು ಬಿಡು. ವ್ಯಾಪಾರಿಯ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ. ಗಾಳಗಾರ ಎಲ್ಲವನ್ನೂ ಕೊಂಡ. ಹೊಂಡದ ದಡದಲ್ಲಿ ನಿಂತು ಎಲೆಗಳ ಮೇಲೆ ಕಪ್ಪೆಯನ್ನು ಎಸೆದ. ನಿಜವಾದ ಕಪ್ಪೆ ಹೇಗೆ ಹೋಗುತ್ತದೆಯೋ ಹಾಗೆ ಎಳೆದ. ಎರಡು ಸಲ ಕುಪ್ಪಳಿಸಿ, ಎಲೆಯ ಅಂಚಿನಲ್ಲಿ ಸ್ವಲ್ಪ ನಿಂತು, ಮತ್ತೆ ಕುಪ್ಪಳಿಸುವಂತೆ. ಸಣ್ಣಪುಟ್ಟ ಕೊರಮೀನುಗಳು ಬಂದವು. ಧಡ್ ಎಂದಾಗ ತಡೆದ, ದಾರ ಬಿಗಿದಾಗ ಜಗ್ಗಿದ, ಒಂದೂ ತಪ್ಪಿಸಿಕೊಳ್ಳಲಿಲ್ಲ.

ಆದರೆ ಆ ದೊಡ್ಡದು ಬರಲಿಲ್ಲ.

ಅದು ಎಲ್ಲಿದೆ ಎಂಬುದು ಅವನಿಗೆ ಕಾಣುತ್ತಿತ್ತು. ಜೊಂಡಿನ ನಡುವೆ ಒಂದಿಷ್ಟು ಬಯಲು ನೀರು, ಅದರ ಅಡಿಯಲ್ಲಿ ಕಪ್ಪಗೆ ನಿಂತಿರುತ್ತಿತ್ತು. ಕಪ್ಪೆ ಅದರ ಮೂಗಿನ ಮುಂದೆ ಹೋದರೂ ಮಿಸುಕಲಿಲ್ಲ. ಗಾಳಗಾರ ಕಪ್ಪೆಯ ಬಣ್ಣ ಬದಲಿಸಿದ. ಕಪ್ಪೆ ಬಿಟ್ಟು ಚಮಚೆ ಕಟ್ಟಿದ. ಚಮಚೆ ಬಿಟ್ಟು ತಿರುಗುವ ರೆಕ್ಕೆ ಕಟ್ಟಿದ, ಮರದ ಮರಿಮೀನು ಕಟ್ಟಿದ. ಜೋರಾಗಿ ಎಳೆದ, ಮೆಲ್ಲಗೆ ಎಳೆದ, ಎಳೆಯದೆ ಬಿಟ್ಟು ಕೂತ. ಪೆಟ್ಟಿಗೆಯ ಒಂದೊಂದು ಖಾನೆಯೂ ಬರಿದಾಗಿ ದಡದ ಮೇಲೆ ಬಣ್ಣಬಣ್ಣದ ರಾಶಿ ಬಿತ್ತು.

ಆಗ ಅವನು ಒಂದು ತಪ್ಪು ಮಾಡಿದ. ಗಾಳ ಹಿಡಿದವರು ಮಾತ್ರ ಮಾಡುವ ತಪ್ಪು ಅದು. ಮೀನು ಕಚ್ಚದಿದ್ದರೆ ಅವರು ಪೆಟ್ಟಿಗೆಯೊಳಗೆ ನೋಡುತ್ತಾರೆ, ನೀರಿನೊಳಗೆ ನೋಡುವುದಿಲ್ಲ. ಎರೆಯನ್ನು ಬದಲಿಸಿ ಬದಲಿಸಿ ಮುಗಿದಾಗ ದಾರದ ಮೇಲೆ ಅನುಮಾನ ಬರುತ್ತದೆ. ದಪ್ಪ ದಾರ ಮೀನಿಗೆ ಕಾಣುತ್ತಿರಬೇಕು, ಅದಕ್ಕೇ ಹೆದರಿ ದೂರವಿದೆ ಎಂದುಕೊಂಡ. ವ್ಯಾಪಾರಿ ಹೇಳಿದ ಹೆಣೆದ ದಾರವನ್ನು ಬಿಚ್ಚಿದ. ಕಣ್ಣಿಗೆ ಕಾಣದಂಥ ತೆಳ್ಳನೆಯ ನೈಲಾನ್ ದಾರವನ್ನು ರೀಲಿಗೆ ಸುತ್ತಿದ. ತಿಳಿನೀರಿನ ಹೊಳೆಯಲ್ಲಿ ಅದು ಜಾಣತನ. ಜೊಂಡಿನ ಹೊಂಡದಲ್ಲಿ ಅದು ಹುಡುಗಾಟ. ಅಷ್ಟು ಮಾಡಿದರೂ ಮೀನು ಹತ್ತಿರ ಬರಲಿಲ್ಲ.

ಅವನು ಮತ್ತೆ ವ್ಯಾಪಾರಿಯ ಬಳಿ ಹೋಗಿ, ನಿನ್ನ ಅಂಗಡಿಯಲ್ಲಿ ಅದರ ಬಾಯಿಗೆ ತಕ್ಕದ್ದು ಏನೂ ಇಲ್ಲ ಎಂದು ರೇಗಿದ.

“ಅದು ಏನ್ ಮಾಡ್ತಾ ಇರ್ತದೆ?” ಎಂದು ವ್ಯಾಪಾರಿ ಕೇಳಿದ.

“ಏನೂ ಮಾಡಲ್ಲ. ಒಂದೇ ಕಡೆ ನಿಂತಿರ್ತದೆ. ಮೇಲೆ ನೀರಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ ಏನೋ ಗುಳುಗುಳು ಅಂತಿರ್ತದೆ. ಅದು ಹೋದ ಕಡೆ ಇದೂ ಹೋಗ್ತದೆ.”

ವ್ಯಾಪಾರಿ ನಕ್ಕ. “ಅದು ಮರಿ, ಸ್ವಾಮಿ. ಕೊರಮೀನಿನ ಮರಿ ಕೆಂಪಗಿರ್ತವೆ. ಗಾಳಿ ಕುಡಿಯೋಕೆ ಎಲ್ಲ ಒಟ್ಟಿಗೆ ಮೇಲೆ ಬರ್ತವೆ. ಕೆಳಗೆ ದೊಡ್ಡದು ಕಾವಲಿರ್ತದೆ. ಮರಿ ಕಾಯೋ ಮೀನು ಉಣ್ಣಲ್ಲ. ಹೆಚ್ಚುಕಮ್ಮಿ ಉಪವಾಸ. ನೀವು ಅದಕ್ಕೆ ಇಷ್ಟು ದಿನ ಊಟ ತೋರಿಸ್ತಾ ನಿಂತಿದ್ದೀರಿ.”

“ಹಾಗಾದ್ರೆ ಅದಕ್ಕೆ ಯಾವ ಎರೆ?”

“ಯಾವುದಾದ್ರೂ. ಮರಿಗಳ ಮೇಲೆ ಬಿದ್ರೆ ಆಯ್ತು. ಹರಿದ ಚಪ್ಪಲಿ ಎಸೀರಿ, ಅದಕ್ಕೂ ಬಾಯಿ ಹಾಕ್ತದೆ.” ವ್ಯಾಪಾರಿ ಸ್ವಲ್ಪ ತಡೆದು, “ಮಾಡೋರು ಮಾಡ್ತಾರೆ. ಕೆಲವರು ಮಾಡಲ್ಲ. ನಿಮ್ಮಿಷ್ಟ” ಎಂದು ಬೇರೆ ಗಿರಾಕಿಯ ಕಡೆ ತಿರುಗಿದ.

ಇಷ್ಟು ಕೇಳಿದಾಗ ಗಾಳಗಾರನಿಗೆ ನಾಚಿಕೆಯಾಗಬೇಕಿತ್ತು. ಅವನಿಗೆ ಖುಷಿಯಾಯಿತು. ಕೊನೆಗೂ ಈ ಬಾಯಿಗೆ ಎರೆ ಸಿಕ್ಕಿತು, ತನ್ನ ಸಿದ್ಧಾಂತ ಸುಳ್ಳಾಗಲಿಲ್ಲ ಎಂದು ಖುಷಿ. ಈ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ, ಹೇಳಿದಾಗಲೆಲ್ಲ ಇಲ್ಲಿಗೆ ಬಂದರೆ ನನಗೆ ಸಿಟ್ಟು ಬರುತ್ತದೆ. ಹಸಿದವನನ್ನು ಹಸಿವಿನಿಂದ ಹಿಡಿ, ಅದೊಂದು ಆಟ ಎನ್ನೋಣ. ಏನೂ ಬೇಡದವನನ್ನು ಹಿಡಿಯಲು ಅವನ ಮಕ್ಕಳ ಮೇಲೆ ಕಲ್ಲೆಸೆಯುತ್ತೀಯಲ್ಲ, ಅದಕ್ಕೆ ಎರೆ ಎಂದು ಹೆಸರಿಡುತ್ತೀಯಲ್ಲ. ನಿನ್ನ ವಿದ್ಯೆಗೆ ಬೆಂಕಿ ಬೀಳಲಿ ಎನಿಸುತ್ತದೆ. ನೀನು ಕಣ್ಣರಳಿಸಬೇಡ ಶಂಭುಲಿಂಗ, ಸಿಟ್ಟು ಬರದಿರಲಿ ಎಂದು ನಾನು ಈ ಕಾವಿ ಉಟ್ಟಿಲ್ಲ.

ಆತುರಕ್ಕೆ ಅವನು ದಾರವನ್ನು ಬದಲಿಸದೆಯೇ ಹೊಂಡಕ್ಕೆ ಬಂದ. ಕೆಂಪು ಮರಿಗಳು ಮೇಲೆ ಬರುವ ತನಕ ಕಾದ. ಬಂದವು. ಅವುಗಳ ನಟ್ಟನಡುವೆ ರಬ್ಬರ್ ಕಪ್ಪೆಯನ್ನು ಎಸೆದ.

ನೀರು ಒಡೆಯಿತು. ಎಷ್ಟೋ ದಿನದಿಂದ ಮಿಸುಕದೆ ನಿಂತಿದ್ದ ಮೀನು ಕಣ್ಣು ಮಿಟುಕಿಸುವುದರೊಳಗೆ ಕಪ್ಪೆಯ ಮೇಲಿತ್ತು. ಗಾಳಗಾರ ತಡೆಯಬೇಕಾದಷ್ಟು ತಡೆದ, ಜಗ್ಗಬೇಕಾದಂತೆ ಜಗ್ಗಿದ. ಗಾಳ ನೆಟ್ಟಿತು. ಮೀನು ಜೊಂಡಿನೊಳಕ್ಕೆ ತಲೆ ಕೊಟ್ಟು ಒಂದು ಸುತ್ತು ಸುತ್ತಿತು. ತೆಳ್ಳನೆಯ ದಾರ ಟಣ್ ಎಂದು ಹರಿಯಿತು. ಕಪ್ಪೆಯ ಸಮೇತ ಮೀನು ಕೆಳಗೆ ಹೋಯಿತು.

ಅವನು ದಡದ ಮೇಲೆ ಕುಸಿದು ಕೂತ. ಕೆಲಸ ಕೆಟ್ಟಿತೆಂದು ಅವನಿಗೆ ಗೊತ್ತಾಯಿತು. ಗಾಳ ಹಿಡಿದ ಯಾರನ್ನಾದರೂ ಕೇಳು, ಒಂದು ವಿಷಯ ಹೇಳುತ್ತಾರೆ. ಒಮ್ಮೆ ಗಾಳದ ರುಚಿ ಕಂಡ ಮೀನು ಬಹಳ ದಿನ ಹತ್ತಿರ ಸುಳಿಯುವುದಿಲ್ಲ. ಆ ಆಕಾರ, ಆ ಸದ್ದು, ಆ ನೆರಳು, ಎಲ್ಲದಕ್ಕೂ ಹೆದರುತ್ತದೆ. ಜಾಣ ಗಾಳಗಾರ ಅಂಥ ನೀರನ್ನು ಬಿಟ್ಟು ಬೇರೆ ಕಡೆ ಹೋಗುತ್ತಾನೆ. ಇವನೂ ಹೋಗುತ್ತಿದ್ದ. ಆದರೆ ಹಠ ಇತ್ತಲ್ಲ, ಅದು ಅವನನ್ನು ಮರುದಿನ ಮತ್ತೆ ಅಲ್ಲಿಗೇ ಎಳೆದು ತಂದಿತು. ಈ ಸಲ ದಪ್ಪ ದಾರ ಸುತ್ತಿಕೊಂಡು ಬಂದ.

ಮೀನು ಅಲ್ಲೇ ಇತ್ತು. ಅದರ ದವಡೆಯಿಂದ ನಿನ್ನೆಯ ಕಪ್ಪೆ ಜೋತಾಡುತ್ತಿತ್ತು. ಬಾಯಿ ಪೂರ್ತಿ ಮುಚ್ಚಲು ಆಗುತ್ತಿರಲಿಲ್ಲ. ರಬ್ಬರಿನ ಒಂದು ಕಾಲು ಹರಿದು ನೀರಿನಲ್ಲಿ ಅಲ್ಲಾಡುತ್ತಿತ್ತು. ಜೊಂಡಿಗೆ ಉಜ್ಜಿ ಉಜ್ಜಿ ಬಿಡಿಸಿಕೊಳ್ಳಲು ನೋಡಿರಬೇಕು, ಮೂತಿಯ ಸುತ್ತ ಬಿಳಿಯ ಗಾಯವಾಗಿತ್ತು. ಮೇಲೆ ಕೆಂಪು ಮರಿಗಳು ಎಂದಿನಂತೆ ಗುಳುಗುಳು ಎನ್ನುತ್ತಿದ್ದವು.

ಗಾಳಗಾರ ಮೊದಲು ಪರೀಕ್ಷೆ ಮಾಡಿದ. ಅಂಥದೇ ಇನ್ನೊಂದು ಕಪ್ಪೆಯನ್ನು ಮರಿಗಳಿಂದ ದೂರ ಎಸೆದ. ಅದು ನೀರಿಗೆ ಬಿದ್ದ ಸದ್ದಿಗೆ ಮೀನಿನ ಮೈಯೆಲ್ಲ ಒಮ್ಮೆ ನಡುಗಿತು. ಅವನಿಗೆ ಅದು ಸ್ಪಷ್ಟವಾಗಿ ಕಂಡಿತು. ಸ್ವಲ್ಪ ಹತ್ತಿರ ಎಳೆದ. ಮೀನು ಹಿಂದಕ್ಕೆ ಸರಿಯಿತು. ಇನ್ನೂ ಹತ್ತಿರ ಎಳೆದ. ಇನ್ನೂ ಹಿಂದಕ್ಕೆ ಸರಿಯಿತು, ಆದರೆ ಮರಿಗಳ ನೆರಳನ್ನು ದಾಟಿ ಹೋಗಲಿಲ್ಲ. ಹೆದರಿದೆ, ಇನ್ನು ಬರುವುದಿಲ್ಲ ಎಂದು ಅವನು ಅಂದುಕೊಂಡ. ಅವನ ಅಷ್ಟೂ ವರ್ಷದ ಅನುಭವ ಅದನ್ನೇ ಹೇಳುತ್ತಿತ್ತು. ಆದರೂ ನೋಡೋಣವೆಂದು ದಾರ ಸುತ್ತಿ ಕಪ್ಪೆಯನ್ನು ವಾಪಸು ಎಳೆದುಕೊಂಡು, ಮರಿಗಳ ನಡುವೆ ಎಸೆದ.

ಮೀನು ಬಂತು.

ದವಡೆಯಲ್ಲಿ ಒಂದು ಗಾಳ ಇಟ್ಟುಕೊಂಡೇ ಬಂತು. ನಿನ್ನೆಗಿಂತ ಜೋರಾಗಿ ಬಂತು. ನುಂಗುವುದಕ್ಕೆ ಬರಲಿಲ್ಲ, ಅಡ್ಡ ಬಂತು. ಯಾರಿಗಾದರೂ ಅಡ್ಡ ಬರಬೇಕಾದರೆ ನಮಗೆ ಕೈ ಇದೆ, ನಾಲಿಗೆ ಇದೆ, ಸುಮ್ಮನೆ ಎದುರು ನಿಲ್ಲುವುದಕ್ಕೆ ಎರಡು ಕಾಲಾದರೂ ಇದೆ. ಮೀನಿಗೆ ಅಡ್ಡ ಬರುವುದಕ್ಕೆ ಇರುವುದು ಬಾಯಿ ಒಂದೇ. ಇರುವ ಒಂದನ್ನು ಅದು ತಂದು ಕಪ್ಪೆಗೆ ಒಡ್ಡಿತು. ಎರಡನೆಯ ಗಾಳವೂ ನೆಟ್ಟಿತು.

ಈ ಸಲ ದಾರ ಹರಿಯಲಿಲ್ಲ. ಮೀನು ಜೊಂಡಿಗೆ ಸುತ್ತಿತು, ದಾರ ಜೊಂಡನ್ನು ಕೊಯ್ದುಕೊಂಡು ಬಂತು. ವ್ಯಾಪಾರಿ ಹೇಳಿದ್ದೆಲ್ಲ ನಿಜವಾಯಿತು. ಗಾಳಗಾರ ಅದನ್ನು ದಡಕ್ಕೆ ಎಳೆದು ಹುಲ್ಲಿನ ಮೇಲೆ ಹಾಕಿದ. ಅದರ ಬಾಯಲ್ಲಿ ಎರಡು ರಬ್ಬರ್ ಕಪ್ಪೆಗಳು, ಹೊಟ್ಟೆಯಲ್ಲಿ ಏನೂ ಇಲ್ಲ. ಮೈ ಒಣಗಿ ತೆಳ್ಳಗಾಗಿತ್ತು, ನೀರಿನಲ್ಲಿ ಕಂಡಷ್ಟು ದೊಡ್ಡದೂ ಅಲ್ಲ. ಕೊರಮೀನು ನೀರು ಬಿಟ್ಟರೂ ಬೇಗ ಸಾಯುವುದಿಲ್ಲ. ಬಹಳ ಹೊತ್ತು ಅದು ಹೊಂಡದ ಕಡೆಗೇ ಮೈ ಎಳೆಯಿತು. ಅವನು ಎತ್ತಿ ತಿರುಗಿಸಿ ಹಾಕಿದರೆ, ಮತ್ತೆ ಹೊಂಡದ ಕಡೆಗೇ ತಿರುಗಿ ಎಳೆಯಿತು. ಕೊನೆಗೆ ನಿಂತಿತು.

ಗೆದ್ದವನು ಗೆದ್ದ ಜಾಗವನ್ನು ಒಮ್ಮೆ ತಿರುಗಿ ನೋಡುತ್ತಾನೆ. ಗಾಳಗಾರ ನೋಡಿದ. ಕಾವಲಿಲ್ಲದ ಮರಿಗಳು ಚದುರಿ, ಸಣ್ಣಪುಟ್ಟ ಮೀನುಗಳಿಗೆ ಆಹಾರವಾಗಿರಬೇಕು ಎಂದು ಅವನ ಲೆಕ್ಕ. ಮರಿಗಳು ಚದುರಿರಲಿಲ್ಲ. ಕೆಂಪಗೆ ಒಟ್ಟಾಗಿ ಗುಳುಗುಳು ಎನ್ನುತ್ತಿದ್ದವು. ಅವುಗಳ ಕೆಳಗೆ ಇನ್ನೊಂದು ಕೊರಮೀನು ಬಂದು ನಿಂತಿತ್ತು. ಸತ್ತದ್ದು ತಾಯಿಯಾದರೆ ಇದು ತಂದೆ, ಸತ್ತದ್ದು ತಂದೆಯಾದರೆ ಇದು ತಾಯಿ. ಸತ್ತ ಮೀನು ನಿಂತಿದ್ದ ಜಾಗದಲ್ಲೇ, ಅದೇ ರೀತಿ, ದಡದ ಕಡೆಗೆ ತಲೆಯಿಟ್ಟು ನಿಂತಿತ್ತು.

ಗಾಳಗಾರನ ಕೈಯಲ್ಲಿ ಕೋಲಿತ್ತು, ದಪ್ಪ ದಾರವಿತ್ತು, ಕಪ್ಪೆಗಳಿದ್ದವು. ಏನು ಎಸೆದರೆ ಅದು ಬರುತ್ತದೆ ಎಂಬುದು ಅವನಿಗೆ ಈಗ ಚೆನ್ನಾಗಿ ಗೊತ್ತಿತ್ತು. ಅವನು ಕೋಲನ್ನು ಎತ್ತಿದ. ಮೀನು ಕದಲಲಿಲ್ಲ. ಕೋಲಿನ ನೆರಳು ನೀರಿನ ಮೇಲೆ, ಅದರ ತಲೆಯ ಮೇಲೆಯೇ ಬಿದ್ದಿತ್ತು. ಆಗಲೂ ಕದಲಲಿಲ್ಲ.

ಅವನ ಕೈ ಎಸೆಯಲಿಲ್ಲ. ಕರುಣೆ ಬಂತೆಂದು ನೀನು ತಿಳಿಯಬೇಡ, ಅವನಿಗೆ ಬಂದದ್ದು ಭಯ. ಎಸೆದರೆ ಅದು ಬರುತ್ತದೆ, ಮತ್ತೆ ಎಸೆದರೆ ಮತ್ತೆ ಬರುತ್ತದೆ, ಹೊಂಡದಲ್ಲಿ ಒಂದು ಉಳಿದಿರುವ ತನಕ ಬರುತ್ತಲೇ ಇರುತ್ತದೆ ಎಂದು ಅವನಿಗೆ ಹೊಳೆಯಿತು. ಅವನ ಪೆಟ್ಟಿಗೆಯಲ್ಲಿದ್ದ ವಿದ್ಯೆಯೆಲ್ಲ ನಿಂತಿದ್ದುದು ಮೀನಿಗೆ ಗಾಳದ ಭಯ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ. ಅದಕ್ಕಾಗಿಯೇ ಗಾಳವನ್ನು ಬಚ್ಚಿಡುವುದು, ದಾರವನ್ನು ತೆಳ್ಳಗೆ ಮಾಡುವುದು, ಕಪ್ಪೆಯನ್ನು ಕುಪ್ಪಳಿಸುವಂತೆ ಎಳೆಯುವುದು. ಭಯವಿದ್ದೂ ಎದುರಿಗೆ ಬಂದು ನಿಲ್ಲುವುದರ ಮುಂದೆ ಏನು ಮಾಡಬೇಕೆಂದು ಯಾವ ಅಂಗಡಿಯವನೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅವನು ಕೋಲನ್ನು ಇಳಿಸಿದ. ಪೆಟ್ಟಿಗೆ ಮುಚ್ಚಿಕೊಂಡು ಮನೆಗೆ ಹೋದ. ಮತ್ತೆ ಆ ಹೊಂಡಕ್ಕೆ ಅವನು ಬರಲಿಲ್ಲ. ಪ್ರತಿ ಬಾಯಿಗೂ ಒಂದು ಎರೆ ಇದೆ ಎಂಬ ಮಾತನ್ನೂ ಆಮೇಲೆ ಎಲ್ಲೂ ಆಡಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಂಭುಲಿಂಗನಿಗೆ ಕತೆಯಲ್ಲಿ ತನ್ನ ಪಾಲಿನ ಶಹಬ್ಬಾಸ್ ಎಲ್ಲಿದೆ ಎಂಬುದು ಸಿಗಲಿಲ್ಲ. ಆದರೂ ಅವನು ಹುಡುಕಿದ.

“ಹಾಗಾದರೆ ನಾನು ಹೇಳಿದ್ದೇ ಸರಿಯಾಯಿತಲ್ಲವೇ ಗುರುಗಳೇ?” ಎಂದ. “ಆ ಮೀನು ಎರಡು ಸಲ ಗಾಳ ಕಚ್ಚಿತು. ಮೊದಲನೆಯ ಸಲ ಗಾಯವಾಯಿತು, ಎರಡನೆಯ ಸಲ ಪ್ರಾಣ ಹೋಯಿತು. ಮೊದಲ ಸಲ ಕಚ್ಚಿದ್ದರಿಂದ ಏನನ್ನಾದರೂ ಕಲಿತಿದ್ದರೆ ಅದು ಬದುಕುತ್ತಿತ್ತು.”

ಗುರುಗಳು ಅವನ ಮುಖವನ್ನೇ ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು.

“ಕಲಿತಿತ್ತಪ್ಪಾ, ಎರಡನೆಯ ಸಲ ಬರುವಾಗ ಗಾಳವೆಂದರೆ ಏನೆಂದು ಅದಕ್ಕೆ ನಿನಗಿಂತ ಚೆನ್ನಾಗಿ ಗೊತ್ತಿತ್ತು.”